ನಡುದಾರಿಯ ತಂಗು: ಪೂಜೆ, ಪ್ರಸಾದ, ಮಾತ್ರೆ

ಕಳೆದ ಶ್ರಾವಣದಲ್ಲಿ ಧನಗೆರೆಯಿಂದ ಹಿರಿಯ ದಂಪತಿಗಳು ಮಠಕ್ಕೆ ಬಂದಿದ್ದರು. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಹೋಗಿ, ಕೆಲವು ತಿಂಗಳು ಇದ್ದು ಮರಳಿದವರು. ಮೊಮ್ಮಗುವಿನ ಭಾವಚಿತ್ರ ತೋರಿಸಿ ಸಂತೋಷಪಟ್ಟ ಮೇಲೆ ತಾಯಿಯವರು ಮೆಲ್ಲಗೆ ಇನ್ನೊಂದು ಸಂಗತಿಯನ್ನು ತೆಗೆದರು. ಹೋಗುವಾಗ ಕೊಲ್ಲಿ ದೇಶದ ಒಂದು ವಿಮಾನ ನಿಲ್ದಾಣದಲ್ಲಿ ಆರು ಗಂಟೆ ಕಾಯಬೇಕಾಗಿತ್ತು. ಯಜಮಾನರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಹಿಂದಿನ ಸಂಜೆ ಮನೆಯಲ್ಲಿ ಉಂಡದ್ದೇ ಕೊನೆ. ವಿಮಾನದಲ್ಲಿ ಕೊಟ್ಟ ಊಟವನ್ನು ಅವರು ಮುಟ್ಟಲಿಲ್ಲ, ನಿಲ್ದಾಣದಲ್ಲಿಯೂ ಏನನ್ನೂ ಸ್ವೀಕರಿಸಲಿಲ್ಲ. ಮಾತ್ರೆಯನ್ನು ಮಾತ್ರ ಹೊತ್ತಿಗೆ ಸರಿಯಾಗಿ ನುಂಗಿದರು. ಸ್ವಲ್ಪ ಹೊತ್ತಿನಲ್ಲಿಯೇ ಮೈ ಬೆವರಿತು, ಕೈ ನಡುಗಿತು, ಮಾತು ತೊದಲಿತು. ಪಕ್ಕದಲ್ಲಿ ಕುಳಿತಿದ್ದ ಕೇರಳದ ಶುಶ್ರೂಷಕಿಯೊಬ್ಬರು ಕಂಡು ಹಣ್ಣಿನ ರಸ ಕುಡಿಸಿದ್ದರಿಂದ ಜೀವ ಉಳಿಯಿತು.

"ಏಕೆ ಉಣ್ಣಲಿಲ್ಲ?" ಎಂದು ಕೇಳಿದೆವು.

"ಸ್ನಾನ ಇಲ್ಲ, ಪೂಜೆ ಇಲ್ಲ, ಹೆಂಗೆ ಉಣ್ಣೋದು ಬುದ್ಧಿ?" ಎಂದರು ಯಜಮಾನರು.

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಪೂಜೆಯಿಲ್ಲದೆ ಪ್ರಸಾದವಿಲ್ಲವೆಂಬ ನಿಷ್ಠೆಯನ್ನು ಭಕ್ತರಿಗೆ ಕಲಿಸಿದವರು ನಾವೇ. ಆ ನಿಷ್ಠೆಯನ್ನು ಮೂವತ್ತಾರು ಗಂಟೆಗಳ ಪ್ರಯಾಣದಲ್ಲಿ ಹೇಗೆ ನಡೆಸಬೇಕೆಂಬುದನ್ನು ಹೇಳಿಕೊಡದೆ ಬಿಟ್ಟವರೂ ನಾವೇ. ಆರೋಗ್ಯದ ಪುಟಗಳಲ್ಲಿ ಈ ವಿಷಯವನ್ನು ಬರೆಯಲು ಅದೇ ಕಾರಣ.

ಇಂದು ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಹಳ್ಳಿಗಳಿಂದಲೂ ಮಕ್ಕಳು ಹೊರದೇಶಗಳಿಗೆ ಹೋಗಿ ನೆಲೆಸಿದ್ದಾರೆ. ಅವರ ಬೆನ್ನಹಿಂದೆಯೇ ಅರವತ್ತು ಎಪ್ಪತ್ತು ದಾಟಿದ ತಂದೆತಾಯಿಗಳು ಪಾಸ್‌ಪೋರ್ಟ್ ಹಿಡಿದು ಹೊರಡುತ್ತಾರೆ. ದೇವನಹಳ್ಳಿಯ ನಿಲ್ದಾಣ 2008ರಲ್ಲಿ ಆರಂಭವಾದ ಮೇಲೆ ಹೊರದೇಶದ ದಾರಿ ಹತ್ತಿರವಾಯಿತೆಂದು ಹೇಳುವುದುಂಟು. ಆದರೆ ಕೊಳ್ಳೇಗಾಲದಿಂದ ಬೆಂಗಳೂರಿಗೇ ಸುಮಾರು 140 ಕಿಲೋಮೀಟರ್, ಅಲ್ಲಿಂದ ದೇವನಹಳ್ಳಿಗೆ ಇನ್ನೂ ಮೂವತ್ತೈದು ನಲವತ್ತು. ನಿಲ್ದಾಣದಲ್ಲಿ ಮೂರು ನಾಲ್ಕು ಗಂಟೆ ಮುಂಚಿತವಾಗಿರಬೇಕು. ಕೊಲ್ಲಿಗೆ ನಾಲ್ಕು ಗಂಟೆಯ ಹಾರಾಟ, ಅಲ್ಲಿಂದ ಅಮೆರಿಕಕ್ಕೆ ಹದಿಮೂರರಿಂದ ಹದಿನಾರು ಗಂಟೆ. ಇವೆರಡರ ನಡುವೆ ಒಂದು ವಿಮಾನದಿಂದ ಇಳಿದು ಮತ್ತೊಂದಕ್ಕೆ ಕಾಯುವ ಅವಧಿಯನ್ನು ಮಕ್ಕಳು 'ಲೇಓವರ್' ಎನ್ನುತ್ತಾರೆ. ನಾವು ಅದನ್ನು ತಂಗು ಎಂದು ಕರೆಯಲು ಇಚ್ಛಿಸುತ್ತೇವೆ.

ತಂಗು ಎಂದರೇನೆಂದು ಈ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ಮಲೆಯ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಹನೂರು, ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂದಾಗ ನೇರವಾಗಿ ಬೆಟ್ಟ ಹತ್ತುವುದಿಲ್ಲ. ಕಾಲು ತೊಳೆದು, ನೀರು ಕುಡಿದು, ಬುತ್ತಿ ಬಿಚ್ಚಿ, ಒಂದಿಷ್ಟು ಮೈಚಾಚಿ ಅನಂತರ ಏರುತ್ತಾರೆ. ತಾಳಬೆಟ್ಟದಲ್ಲಿ ಕಳೆದ ಹೊತ್ತನ್ನು ದಂಡವೆಂದು ಯಾರೂ ಬಗೆಯುವುದಿಲ್ಲ. ಅದೇ ಜನ ವಿಮಾನ ನಿಲ್ದಾಣದಲ್ಲಿ ಚೀಲಗಳನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು, ಗೇಟಿನ ಫಲಕವನ್ನೇ ನೋಡುತ್ತ, ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರನ್ನೂ ಕುಡಿಯದೆ ಆರು ಗಂಟೆ ಕುಳಿತೇ ಇರುತ್ತಾರೆ. ಮುಂದಿನ ಹದಿನಾರು ಗಂಟೆಯೂ ಕುಳಿತೇ ಇರಬೇಕೆಂಬುದು ಅವರಿಗೆ ಆಗ ನೆನಪಿರುವುದಿಲ್ಲ.

ಮೊದಲು ಪೂಜೆಯ ಮಾತು. ಇಷ್ಟಲಿಂಗವನ್ನು ಶರಣರು ಭಕ್ತನ ಮೈಮೇಲೆಯೇ ನೆಲೆಗೊಳಿಸಿದ್ದು, ಗುಡಿಯನ್ನು ಹುಡುಕಿಕೊಂಡು ಹೋಗುವ ಅವಸ್ಥೆ ಅವನಿಗೆ ಬಾರದಿರಲೆಂದು. ಹೀಗಿರುವಾಗ ದೇಶ ಕಾಲಗಳ ನೆಪದಲ್ಲಿ ಪೂಜೆಯನ್ನು ಮುಂದೂಡಿ ದೇಹವನ್ನು ಉಪವಾಸ ಕೆಡಹುವುದು ನಿಷ್ಠೆಯಾಗದು. ತಂಗಿನಲ್ಲಿ ಇಳಿದೊಡನೆ ಮಾಡಬೇಕಾದ ಮೊದಲ ಕಾರ್ಯ ಇದು: ಶೌಚಾಲಯಕ್ಕೆ ಹೋಗಿ ಮುಖ, ಕೈ ತೊಳೆದು, ಕಾಲುಗಳನ್ನು ಒದ್ದೆ ವಸ್ತ್ರದಿಂದ ಒರೆಸಿಕೊಂಡು, ಜನಸಂದಣಿ ಕಡಿಮೆಯಿರುವ ಗೇಟಿನ ಬಳಿ ಕುಳಿತು, ವಿಭೂತಿ ಧರಿಸಿ, ಹದಿನೈದು ನಿಮಿಷ ಶಿವಯೋಗ. ದೀಪ, ಕರ್ಪೂರ, ಊದುಬತ್ತಿಗಳು ಅಲ್ಲಿ ನಿಷಿದ್ಧ, ಅವು ಬೇಕಾಗಿಯೂ ಇಲ್ಲ. ಸ್ನಾನವಾಗಲೇಬೇಕೆಂಬ ಮನಸ್ಸಿನವರಿಗೆ ದೊಡ್ಡ ನಿಲ್ದಾಣಗಳಲ್ಲಿ ಹಣ ಕೊಟ್ಟು ಸ್ನಾನ ಮಾಡುವ ಕೋಣೆಗಳಿವೆ. ಕೊಲ್ಲಿಯ ನಿಲ್ದಾಣಗಳಲ್ಲಿ ಕಾಣುವ ಪ್ರಾರ್ಥನಾ ಕೋಣೆಗಳು ನಮಾಜಿಗಾಗಿ ಮೀಸಲಾದವು. ಯುರೋಪಿನ ಹಲವು ನಿಲ್ದಾಣಗಳಲ್ಲಿ ಎಲ್ಲ ಧರ್ಮದವರಿಗೂ ತೆರೆದ ಮೌನದ ಕೋಣೆಗಳುಂಟು.

ಬೆಳ್ಳಿಯ ಕರಡಿಗೆ ಧರಿಸಿದವರು ತಪಾಸಣೆಯ ದ್ವಾರದಲ್ಲಿ ಗಾಬರಿಯಾಗುತ್ತಾರೆ. ದ್ವಾರ ಸದ್ದು ಮಾಡಿದ ಮೇಲೆ ವಿವರಿಸುವುದಕ್ಕಿಂತ, ಒಳಹೊಕ್ಕುವ ಮೊದಲೇ ಇದು ಧಾರ್ಮಿಕ ಲಾಂಛನವೆಂದು ತಿಳಿಸಿ, ಪ್ರತ್ಯೇಕ ಕೋಣೆಯಲ್ಲಿ ಪರೀಕ್ಷಿಸುವಂತೆ ವಿನಂತಿಸುವುದು ಲೇಸು. ಎರಡು ಸಾಲಿನ ಇಂಗ್ಲಿಷ್ ಚೀಟಿಯನ್ನು ಮಕ್ಕಳಿಂದ ಬರೆಸಿ ಇಟ್ಟುಕೊಳ್ಳಬೇಕು. ಬೆಂಗಳೂರಿನಲ್ಲಿ ಒಮ್ಮೆ ಮುಗಿದ ತಪಾಸಣೆ ತಂಗಿನ ನಿಲ್ದಾಣದಲ್ಲಿ ಮತ್ತೊಮ್ಮೆ ಆಗುವುದುಂಟು.

ಪೂಜೆಯ ಬಳಿಕ ಪ್ರಸಾದ, ಅದರೊಂದಿಗೆ ಮಾತ್ರೆ. ಈ ಕ್ರಮ ತಪ್ಪಬಾರದು. ಗ್ಲಿಮಿಪಿರೈಡ್‌ನಂತಹ ಮಾತ್ರೆಗಳು ಮತ್ತು ಇನ್ಸುಲಿನ್, ಹೊಟ್ಟೆಯಲ್ಲಿ ಆಹಾರವಿಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತವೆ. ಧನಗೆರೆಯ ಯಜಮಾನರಿಗೆ ಆದದ್ದು ಅದೇ. ಬೆವರು, ನಡುಕ, ತೊದಲು ಕಂಡಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ಮೇಲೆ ಮತ್ತೆ ನೋಡಬೇಕು. ಸುಧಾರಿಸದಿದ್ದರೆ ಇನ್ನೊಮ್ಮೆ ಕೊಟ್ಟು ನಿಲ್ದಾಣದ ವೈದ್ಯರನ್ನು ಕರೆಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಏನು ಉಣ್ಣುವುದೆಂಬ ಚಿಂತೆಗೆ ನಮ್ಮ ಅಜ್ಜಿಯರು ಎಂದೋ ಉತ್ತರ ಕಂಡುಕೊಂಡಿದ್ದರು. ರಾಗಿಯ ಹುರಿಹಿಟ್ಟು ದಾರಿಯ ಆಹಾರವೇ. ಬಿಸಿನೀರಿಗೆ ಉಪ್ಪು ಹಾಕಿ ಕಲಸಿದರೆ ಸಾಕು, ಕೆಡುವುದಿಲ್ಲ, ಸೋರುವುದಿಲ್ಲ. ಒಗ್ಗರಣೆ ಅವಲಕ್ಕಿ, ಚಪಾತಿಗಳೂ ಆಗಬಹುದು. ಚಟ್ನಿ, ಮೊಸರು, ಉಪ್ಪಿನಕಾಯಿಗಳನ್ನು ತಪಾಸಣೆಯಲ್ಲಿ ದ್ರವವೆಂದು ಎಣಿಸಿ ತೆಗೆದುಹಾಕುತ್ತಾರೆ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರ್ ಅಳತೆಗೆ ಮೀರಿದ ಪುಡಿಯನ್ನು 2018ರಿಂದೀಚೆಗೆ ವಿಶೇಷವಾಗಿ ಪರೀಕ್ಷಿಸುವುದರಿಂದ, ಕೈಚೀಲದಲ್ಲಿ ಹುರಿಹಿಟ್ಟು ದಾರಿಗೆ ಬೇಕಾದಷ್ಟೇ ಇರಲಿ. ವಿಭೂತಿಯನ್ನು ಪುಡಿಗಿಂತ ಗಟ್ಟಿಯಾಗಿ ಒಯ್ಯುವುದು ಒಳ್ಳೆಯದು.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗಸಗಸೆಯನ್ನು, ಗಸಗಸೆ ಬೆರೆಸಿದ ಮಸಾಲೆಯನ್ನು ಯಾವ ಚೀಲದಲ್ಲಿಯೂ ಇಡಬಾರದು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಒಳಪಟ್ಟದ್ದು. ಮಗಳಿಗೆ ಪಾಯಸ ಮಾಡಿಕೊಡುವ ಆಸೆಯಿಂದ ಕಟ್ಟಿದ ಒಂದು ಪೊಟ್ಟಣ ಸೆರೆಮನೆಯ ಬಾಗಿಲನ್ನು ತೋರಿಸೀತು. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್ ಎಂಬ ನೋವಿನ ಮಾತ್ರೆಗಳಿಗೂ ಅಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ. ಎಲ್ಲ ಔಷಧಗಳೂ ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿರಬೇಕು. ಇನ್ಸುಲಿನ್ ವಿಮಾನದ ಹೊಟ್ಟೆಗೆ ಹೋದರೆ ಹೆಪ್ಪುಗಟ್ಟಿ ಕೆಡುವ ಸಂಭವವಿದೆ.

ಮಾತ್ರೆಯ ಹೊತ್ತಿನ ವಿಷಯ ಸ್ವಲ್ಪ ತೊಡಕಿನದು. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಗಡಿಯಾರ ನಮಗಿಂತ 9 ಗಂಟೆ 30 ನಿಮಿಷ ಹಿಂದಿರುವುದರಿಂದ, ಹೊರಟವರ ಆ ಒಂದು ದಿನ 33 ಗಂಟೆ 30 ನಿಮಿಷಗಳದ್ದಾಗುತ್ತದೆ. ಮರಳುವಾಗ ಅದೇ ದಿನ 14 ಗಂಟೆ 30 ನಿಮಿಷಕ್ಕೆ ಕುಗ್ಗುತ್ತದೆ. ಗೋಡೆಯ ಗಡಿಯಾರ ನೋಡಿ ನುಂಗಿದರೆ, ಹೋಗುವಾಗ ಎರಡು ಹೊತ್ತಿನ ಮದ್ದಿನ ನಡುವೆ ಅಂತರ ಹೆಚ್ಚುತ್ತದೆ, ಬರುವಾಗ ಒಂದರ ಮೇಲೊಂದು ಬೀಳುತ್ತದೆ. ಕೈಗಡಿಯಾರವನ್ನು ದಾರಿಯುದ್ದಕ್ಕೂ ಊರಿನ ಹೊತ್ತಿಗೇ ಇಟ್ಟುಕೊಂಡು, ಯಾವ ಗಂಟೆಗೆ ಯಾವ ಮದ್ದು, ಎಷ್ಟು ಎಂಬುದನ್ನು ಹೊರಡುವ ಎರಡು ವಾರ ಮೊದಲೇ ವೈದ್ಯರಿಂದ ಬರೆಸಿಕೊಳ್ಳಬೇಕು. ತಂಗಿನ ಹೊತ್ತು ಇದಕ್ಕೆ ಒಳ್ಳೆಯ ಗುರುತಿನ ಕಂಬ: ಅಲ್ಲಿ ಸಕ್ಕರೆ ಪರೀಕ್ಷಿಸಿ, ಚೀಟಿ ನೋಡಿ, ಮದ್ದು ತೆಗೆದುಕೊಳ್ಳಬಹುದು.

ಇನ್ನು ಕಾಲು. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿರುವಷ್ಟು, ಊಟಿಯಲ್ಲಿ ಕುಳಿತಂತೆ. ಗಾಳಿ ಬಹಳ ಒಣಗಿದ್ದು. ನೀರು ಕುಡಿಯದೆ, ಮೊಣಕಾಲು ಮಡಿಸಿ ಗಂಟೆಗಟ್ಟಲೆ ಕುಳಿತಾಗ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಏರಿದರೆ ಪ್ರಾಣಕ್ಕೇ ಕುತ್ತು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗೆ ಮೀರಿದ ಪ್ರಯಾಣ ಈ ಅಪಾಯವನ್ನು ಸುಮಾರು ಇಮ್ಮಡಿಗೊಳಿಸುತ್ತದೆ. ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ ಎಂಬ ಲೆಕ್ಕವಾದ್ದರಿಂದ ಹೆದರಬೇಕಾಗಿಲ್ಲ. ಸ್ಥೂಲದೇಹಿಗಳು, ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಹಿಂದೆ ಒಮ್ಮೆ ಹೆಪ್ಪುಗಟ್ಟಿದ್ದವರು ಮಾತ್ರ ವೈದ್ಯರನ್ನು ಕೇಳದೆ ಹೊರಡಬಾರದು. ಊರು ತಲಪಿದ ಮೇಲೆಯೂ ಒಂದೇ ಕಾಲು ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಪ್ರಯಾಣದ ಆಯಾಸವೆಂದು ಸುಮ್ಮನಿರಬಾರದು.

ಕಾಲಿಗೆ ತಂಗಿನಲ್ಲಿ ಸಿಗುವ ಔಷಧ ನಡಿಗೆಯೇ. ಗಂಟೆಗೊಮ್ಮೆ ಎದ್ದು ಹತ್ತು ನಿಮಿಷ. ದೋಹಾದ ಹಮದ್ ನಿಲ್ದಾಣದೊಳಗೆ 2022ರಲ್ಲಿ ತೆರೆದ, ಆರು ಸಾವಿರ ಚದರ ಮೀಟರಿನ ತೋಟವೊಂದಿದೆ. ಸಿಂಗಪುರದ ಚಾಂಗಿಯಲ್ಲಿ ಮೂರನೆಯ ಟರ್ಮಿನಲ್ಲಿನ ಒಳಗೇ ಚಿಟ್ಟೆಗಳ ಉದ್ಯಾನವಿದೆ. ಹಸಿರು ಕಂಡರೆ ನಮ್ಮ ಹಿರಿಯರಿಗೆ ಹೆಜ್ಜೆ ತಾನಾಗಿ ಮುಂದಾಗುತ್ತದೆ. ಚಾಂಗಿಯ ಹೆಸರಾಂತ ಜಲಪಾತ ಮಾತ್ರ ವಲಸೆ ತಪಾಸಣೆಯ ಆಚೆಗಿದೆ, ಅದರ ಬಳಿಗೆ ಹೋಗಬೇಕಾದರೆ ಸಿಂಗಪುರ ಪ್ರವೇಶದ ಅನುಮತಿ ಬೇಕು.

ಗಾಲಿಕುರ್ಚಿಯ ವಿಷಯದಲ್ಲಿ ನಮ್ಮದೊಂದು ಅಭಿಪ್ರಾಯವಿದೆ, ಕೆಲವರಿಗೆ ಅದು ರುಚಿಸಲಿಕ್ಕಿಲ್ಲ. ಭಾಷೆ ಬಾರದ ತಂದೆತಾಯಿಗಳಿಗೆ ದಾರಿ ತೋರಿಸುವವರು ಒಬ್ಬರಿರಲೆಂದು, ಚೆನ್ನಾಗಿ ನಡೆಯಬಲ್ಲವರಿಗೂ ಮಕ್ಕಳು ಗಾಲಿಕುರ್ಚಿ ಕಾದಿರಿಸುತ್ತಾರೆ. ಮಕ್ಕಳ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಆ ಕುರ್ಚಿಯಲ್ಲಿಯೇ ಆರು ಗಂಟೆ ಕುಳ್ಳಿರಿಸಿ ಬಿಟ್ಟರೆ ನಡೆಯಬಲ್ಲ ಕಾಲೂ ಊದಿಕೊಳ್ಳುತ್ತದೆ. ನಿಜವಾಗಿ ಬೇಕಾದವರಿಗೆ ಕುರ್ಚಿ ಸಾಲದೆ ಹೋಗುತ್ತದೆ. 2024ರ ಫೆಬ್ರವರಿಯಲ್ಲಿ ಅಮೆರಿಕದಿಂದ ಮುಂಬಯಿಗೆ ಬಂದಿಳಿದ ಹಿರಿಯ ದಂಪತಿಗಳಿಗೆ ಒಂದೇ ಕುರ್ಚಿ ಸಿಕ್ಕಿತು. ಪತ್ನಿಯನ್ನು ಅದರಲ್ಲಿ ಕುಳ್ಳಿರಿಸಿ ತಾವು ನಡೆದು ಬಂದ ಎಂಬತ್ತರ ವೃದ್ಧರು ವಲಸೆ ತಪಾಸಣೆಯ ಬಳಿ ಕುಸಿದು ತೀರಿಕೊಂಡರು. ವಿಮಾನಯಾನ ನಿರ್ದೇಶನಾಲಯ ಆ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ವಿಧಿಸಿತು. ಹೃದಯದ, ಮಂಡಿಯ ತೊಂದರೆಯಿರುವವರು ಸಂಕೋಚ ಬಿಟ್ಟು ಕುರ್ಚಿ ಕೇಳಬೇಕು, ಬರುವವರೆಗೆ ಕುಳಿತು ಕಾಯಬೇಕು. ಇನ್ನೊಬ್ಬರಿಗೆ ತೊಂದರೆಯೆಂದು ಎದ್ದು ನಡೆಯಬಾರದು. ನಡೆಯಬಲ್ಲವರು ದಾರಿ ತೋರಿಸುವ ನೆರವನ್ನಷ್ಟೇ ಕೇಳಿ, ತಮ್ಮ ಕಾಲಮೇಲೆ ಹೋಗುವುದು ಧರ್ಮ.

ಟಿಕೆಟ್ ಕೊಳ್ಳುವ ಮಕ್ಕಳಿಗೂ ಒಂದು ಮಾತು. ಹಣ ಉಳಿಯುವುದೆಂದು ಹದಿನಾಲ್ಕು ಗಂಟೆಯ ತಂಗನ್ನೋ, ಬೇಗ ತಲಪಲೆಂದು ಒಂದೂವರೆ ಗಂಟೆಯದನ್ನೋ ಆರಿಸಬೇಡಿ. ಮೊದಲನೆಯದರಲ್ಲಿ ಮಲಗಲು ಜಾಗವಿರುವುದಿಲ್ಲ, ಎರಡನೆಯದರಲ್ಲಿ ಮೂತ್ರಕ್ಕೂ ಬಿಡುವಿಲ್ಲದೆ ಓಡಬೇಕು. ಹಿರಿಯರಿಗೆ ನಾಲ್ಕರಿಂದ ಆರು ಗಂಟೆ ಹಿತ. ಅಬುಧಾಬಿಯ ಮೂಲಕ ಹೋದರೆ ಅಮೆರಿಕದ ವಲಸೆ ತಪಾಸಣೆ ಅಲ್ಲಿಯೇ ಮುಗಿಯುವುದರಿಂದ ತಂಗಿನ ಹೊತ್ತು ಅದಕ್ಕೂ ಖರ್ಚಾಗುತ್ತದೆ. ಕೆಲವು ದೇಶಗಳಲ್ಲಿ ನಿಲ್ದಾಣದೊಳಗೆ ಕಾಯುವುದಕ್ಕೂ ವೀಸಾ ಬೇಕು, ಮೊದಲೇ ವಿಚಾರಿಸಿ.

ಮೊನ್ನೆ ಧನಗೆರೆಯ ಆ ದಂಪತಿಗಳು ಮತ್ತೆ ಬಂದಿದ್ದರು. ಯುಗಾದಿ ಕಳೆದ ಮೇಲೆ ಇನ್ನೊಮ್ಮೆ ಹೊರಡುವರಂತೆ. ಮಗಳು ಈ ಸಲ ಐದು ಗಂಟೆಯ ತಂಗಿರುವ ಟಿಕೆಟ್ ತೆಗೆದಿದ್ದಾಳೆ. ಹುರಿಹಿಟ್ಟಿಗೆ ರಾಗಿ ಹಸನು ಮಾಡಿಟ್ಟಿರುವುದಾಗಿ ತಾಯಿಯವರು ಹೇಳಿದರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಪೂಜೆಗೆ ಎಷ್ಟು ನೀರು ಬೇಕಾದಾತು ಬುದ್ಧಿ?" ಎಂದು ಕೇಳಿದರು. ಒಂದು ಲೋಟ ಸಾಕು ಎಂದೆವು.