ಮುಚ್ಚಬೇಕಾದದ್ದು ಜಾತ್ರೆ, ಮಕ್ಕಳ ಕೊಟ್ಟಿಗೆಯಲ್ಲ

2020ರ ಜುಲೈ ಕೊನೆಯ ವಾರ ಅಮೆರಿಕದ ಓಹಿಯೊ ರಾಜ್ಯದ ಗವರ್ನರ್ ಮೈಕ್ ಡಿವೈನ್ ಒಂದು ತೀರ್ಮಾನ ಪ್ರಕಟಿಸಿದರು. ಜುಲೈ 31ರಿಂದ ಶುರುವಾಗುವ ಕೌಂಟಿ ಜಾತ್ರೆಗಳಲ್ಲಿ ತಿರುಗುತೊಟ್ಟಿಲು, ಆಟದಂಗಡಿ, ಗ್ಯಾಲರಿ ತುಂಬಿಸುವ ಕಾರ್ಯಕ್ರಮ ಯಾವುದೂ ಇರಕೂಡದು. ಮಕ್ಕಳು ತಾವು ಸಾಕಿದ ಪ್ರಾಣಿಗಳನ್ನು ತಂದು ಪ್ರದರ್ಶಿಸುವ ಭಾಗವಷ್ಟೇ ನಡೆಯಬಹುದು ಎಂಬುದು ಅದರ ತಿರುಳು. ಬೇಸಿಗೆಯ ಗಳಿಕೆಯನ್ನೇ ನೆಚ್ಚಿಕೊಂಡ ಜಾತ್ರೆ ಸಮಿತಿಗಳಿಗೆ ಅದು ದೊಡ್ಡ ಪೆಟ್ಟು. ಕೋವಿಡ್ ಸೋಂಕಿನ ಭಯದಲ್ಲಿದ್ದವರಿಗೆ ಹಂದಿ-ಕುರಿಗಳ ಮೆರವಣಿಗೆಗಾದರೂ ಏಕೆ ವಿನಾಯಿತಿ ಎಂಬ ಪ್ರಶ್ನೆ. ಎರಡೂ ಕಡೆಯ ಅಸಮಾಧಾನದ ನಡುವೆ ಸಿಕ್ಕಿಕೊಂಡ ಆ ತೀರ್ಮಾನವೇ ಸರಿಯಾಗಿತ್ತು ಎಂಬುದು ನನ್ನ ವಾದ. ಆ ವರ್ಷ ಬಹುತೇಕ ಆಡಳಿತಗಳು ತೆರೆಯಬೇಕೋ ಮುಚ್ಚಬೇಕೋ ಎಂದಷ್ಟೇ ಯೋಚಿಸುತ್ತಿದ್ದವು. ಓಹಿಯೊ ಕೇಳಿಕೊಂಡದ್ದು ಬೇರೆ ಪ್ರಶ್ನೆ: ಇದರಲ್ಲಿ ಯಾವ ಭಾಗವನ್ನು ಮುಚ್ಚಬೇಕು?

ಆ ಪ್ರಶ್ನೆಯ ತೂಕ ತಿಳಿಯಬೇಕಾದರೆ ಈ ಪ್ರದರ್ಶನ ಏನೆಂದು ಗೊತ್ತಿರಬೇಕು. 1902ರಲ್ಲಿ ಇದೇ ಓಹಿಯೊದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಹಳ್ಳಿ ಮಕ್ಕಳಿಗಾಗಿ ಕಟ್ಟಿದ ಕ್ಲಬ್ಬಿನಿಂದ ಬೆಳೆದದ್ದು 4-ಎಚ್ ಚಳವಳಿ. 1914ರ ಸ್ಮಿತ್-ಲೀವರ್ ಕಾಯ್ದೆ ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ಸೇವೆಗೆ ಕಾನೂನಿನ ಬಲ ಕೊಟ್ಟ ಮೇಲೆ ಈ ಕ್ಲಬ್ಬುಗಳು ಆ ಸೇವೆಯ ಅಂಗವಾದವು. 1928ರಲ್ಲಿ ಪ್ರೌಢಶಾಲೆಯ ಕೃಷಿ ವಿದ್ಯಾರ್ಥಿಗಳಿಗಾಗಿ ಎಫ್‌ಎಫ್‌ಎ ಎಂಬ ಇನ್ನೊಂದು ಸಂಘ ಹುಟ್ಟಿತು. ಇವುಗಳಲ್ಲಿರುವ ಹುಡುಗ ಅಥವಾ ಹುಡುಗಿ ಒಂದು ಹಂದಿಮರಿ, ಕುರಿಮರಿ ಅಥವಾ ಬೀಜ ಒಡೆಸಿದ ಹೋರಿಗರು ಕೊಳ್ಳುತ್ತಾಳೆ. ಹಣ ಅಪ್ಪ-ಅಮ್ಮ ಕೊಟ್ಟದ್ದಾಗಿರಬಹುದು, ಹಿಂದಿನ ವರ್ಷದ ಉಳಿತಾಯವಾಗಿರಬಹುದು, ಸಾಲವೂ ಆಗಿರಬಹುದು. ಮೇವಿಗೆಷ್ಟು, ಮದ್ದಿಗೆಷ್ಟು, ವಾರಕ್ಕೆ ಎಷ್ಟು ತೂಕ ಬಂತು ಎಂಬ ಲೆಕ್ಕ ಅವಳ ಪುಸ್ತಕದಲ್ಲೇ ಇರಬೇಕು. ಬೇಸಿಗೆಯ ಜಾತ್ರೆಯಲ್ಲಿ ಪ್ರಾಣಿಯನ್ನು ಕಣದಲ್ಲಿ ನಡೆಸಬೇಕು. ತೀರ್ಪುಗಾರರು ಒಂದು ಸುತ್ತಿನಲ್ಲಿ ಪ್ರಾಣಿಯ ಮೈಕಟ್ಟು ನೋಡಿದರೆ ಇನ್ನೊಂದರಲ್ಲಿ ಅದನ್ನು ನಡೆಸುವವಳ ಹಿಡಿತ, ತಿಳಿವಳಿಕೆ ನೋಡುತ್ತಾರೆ. ಕೊನೆಯಲ್ಲಿ ಹರಾಜು. ಊರಿನ ಬ್ಯಾಂಕು, ಗೊಬ್ಬರದಂಗಡಿ, ಟ್ರ್ಯಾಕ್ಟರ್ ಮಾರುವವರು ಮಾರುಕಟ್ಟೆ ದರಕ್ಕಿಂತ ಹೆಚ್ಚು ಕೊಟ್ಟು ಕೊಳ್ಳುವುದು ಅಲ್ಲಿನ ರೂಢಿ. ಆ ಹಣದಿಂದ ಸಾಲ ತೀರುತ್ತದೆ, ಮುಂದಿನ ಮರಿ ಬರುತ್ತದೆ, ಕಾಲೇಜಿಗೂ ಒಂದಿಷ್ಟು ಕೂಡುತ್ತದೆ. ಅಂದರೆ ಜಾತ್ರೆಯ ದಿನ ಅವಳ ಪಾಲಿಗೆ ಹಬ್ಬಕ್ಕಿಂತ ಹೆಚ್ಚಾಗಿ ವರ್ಷದ ಲೆಕ್ಕ ಮುಗಿಯುವ ದಿನ.

ಲೆಕ್ಕವನ್ನು ಮುಂದಿನ ವರ್ಷಕ್ಕೆ ತಳ್ಳಿದರಾಗದೇ? ಇದು ಎಲ್ಲಕ್ಕಿಂತ ಸುಲಭವಾಗಿ ಬರುವ ಆಕ್ಷೇಪ. ಶಾಲೆಗಳು ಮುಚ್ಚಿದವು, ಪದವಿ ಸಮಾರಂಭ ನಿಂತವು, ಒಲಿಂಪಿಕ್ಸ್ ಕೂಡ ಒಂದು ವರ್ಷ ಮುಂದೆ ಹೋಯಿತು. ಆದರೆ ಓಟಗಾರ ಒಂದು ವರ್ಷ ಕಾಯಬಲ್ಲ, ಹಂದಿ ಕಾಯಲಾರದು. ವಸಂತದಲ್ಲಿ ಎಂಟು-ಹತ್ತು ವಾರದ ಮರಿಯಾಗಿ ಬಂದದ್ದು ಆರು ತಿಂಗಳಾಗುವಷ್ಟರಲ್ಲಿ ಸುಮಾರು 120 ಕಿಲೋ ಮುಟ್ಟುತ್ತದೆ. ಆ ಹಂತದಲ್ಲಿ ದಿನಕ್ಕೆ ಹತ್ತಿರ ಹತ್ತಿರ ಒಂದು ಕಿಲೋ ಏರುತ್ತದೆ. ಎರಡು ತಿಂಗಳು ಹೆಚ್ಚು ಇಟ್ಟುಕೊಂಡರೆ ಮೇವಿನ ಖರ್ಚು ಮೇಲೆ ಬೀಳುತ್ತದೆ, ತೂಕ ಅತಿಯಾದ ಪ್ರಾಣಿಗೆ ಕಸಾಯಿಖಾನೆಯವರು ದರ ಇಳಿಸುತ್ತಾರೆ. ಒಂದೂವರೆ ವರ್ಷದ ಹೋರಿಯದೂ ಅದೇ ಕಥೆ, ಮೇವಿನ ರಾಶಿ ಮಾತ್ರ ಇನ್ನೂ ದೊಡ್ಡದು. 2020ರಲ್ಲಿ ಇದಕ್ಕೆ ಇನ್ನೊಂದು ಸಂಕಟ ಸೇರಿತು. ಏಪ್ರಿಲ್‌ನಲ್ಲಿ ದಕ್ಷಿಣ ಡಕೋಟದ ಸೂ ಫಾಲ್ಸ್‌ನಲ್ಲಿರುವ ಸ್ಮಿತ್‌ಫೀಲ್ಡ್ ಘಟಕ, ಅಯೋವಾದ ವಾಟರ್‌ಲೂನಲ್ಲಿರುವ ಟೈಸನ್ ಘಟಕ ಕೆಲಸಗಾರರಲ್ಲಿ ಸೋಂಕು ಹರಡಿ ಬಾಗಿಲು ಹಾಕಿದವು. ಇಂಥವು ಇನ್ನೂ ಹಲವಿದ್ದವು. ದೇಶದ ಹಂದಿ ಮಾಂಸ ಘಟಕಗಳ ಸಾಮರ್ಥ್ಯವೇ ಕುಸಿದು, ದೊಡ್ಡ ಸಾಕಣೆದಾರರು ಮಾರಲಾಗದ ಹಂದಿಗಳನ್ನು ಕೊಂದು ಹೂಳಬೇಕಾಯಿತು. ಸಣ್ಣ ಕಸಾಯಿಖಾನೆಗಳಲ್ಲಿ ತಿಂಗಳುಗಟ್ಟಲೆ ಸರದಿ. ಸಾವಿರ ಹಂದಿ ಇಟ್ಟವನಿಗೇ ದಾರಿ ಕಾಣದ ಹೊತ್ತಿನಲ್ಲಿ ಎರಡು ಹಂದಿ ಇಟ್ಟ ಹುಡುಗಿಗೆ ಪೇಟೆ ಎಲ್ಲಿಂದ ಬರಬೇಕು? ಅವಳಿಗಿದ್ದ ಏಕೈಕ ಗಟ್ಟಿ ಪೇಟೆ ಜಾತ್ರೆಯ ಹರಾಜು. ಅದನ್ನು ಪೂರ್ತಿ ರದ್ದುಮಾಡಿದ್ದರೆ ಸರ್ಕಾರವೇ ನಡೆಸುವ ವಿಸ್ತರಣಾ ಸೇವೆ ಹಾಕಿಕೊಟ್ಟ ಕೆಲಸವನ್ನು ಮಾಡಿದ ಮಗುವನ್ನು ಅರ್ಧದಲ್ಲಿ ಕೈಬಿಟ್ಟಂತಾಗುತ್ತಿತ್ತು.

ಹಾಗಾದರೆ ವಿಡಿಯೊ ಸಾಲದೇ? ಅನೇಕ ಕೌಂಟಿಗಳು ಆ ದಾರಿ ಹಿಡಿದವು. ಮಗು ಮನೆಯಂಗಳದಲ್ಲೇ ಪ್ರಾಣಿಯನ್ನು ನಡೆಸಿ ಚಿತ್ರೀಕರಿಸಿ ಕಳಿಸಿತು, ತೀರ್ಪುಗಾರರು ಪರದೆಯ ಮೇಲೆ ನೋಡಿದರು, ಹರಾಜು ಆನ್‌ಲೈನ್‌ನಲ್ಲಿ ನಡೆಯಿತು. ಹರಾಜಿನ ಮಟ್ಟಿಗೆ ಇದರ ಮೇಲೆ ನನಗೆ ತಕರಾರಿಲ್ಲ. ಹೆಚ್ಚು ಬೆಲೆ ಕೂಗುವ ಅಂಗಡಿಯವನು ಎದುರಿನ ಬೆಂಚಿನ ಮೇಲೆಯೇ ಕೂತಿರಬೇಕೆಂದಿಲ್ಲ. ಸಾಂಕ್ರಾಮಿಕ ಮುಗಿದ ಮೇಲೂ ಇದು ಉಳಿಯಬೇಕಾದ ವ್ಯವಸ್ಥೆ. ತೀರ್ಪಿನ ಮಾತು ಬೇರೆ. ಹೋರಿಯ ಬೆನ್ನು, ಪಕ್ಕೆಯ ಮೇಲಿನ ಕೊಬ್ಬು ಕೈಯಿಟ್ಟು ನೋಡಿದರೆ ತಿಳಿಯುತ್ತದೆ. ಹಳ್ಳಿಗಾಡಿನಲ್ಲಿ ಇಂಟರ್‌ನೆಟ್ ಎಷ್ಟು ಸಿಗುತ್ತದೆ ಎಂಬುದರ ಮೇಲೆ ಮಗುವಿನ ಸ್ಥಾನ ನಿರ್ಧಾರವಾಗುವುದೂ ನ್ಯಾಯವಲ್ಲ. ಹಾಗಿದ್ದರೂ ಸೋಂಕು ಏರುತ್ತಿರುವ ಕೌಂಟಿಯಲ್ಲಿ ವಿಡಿಯೊ ಒಂದೇ ಉಳಿದರೆ ಅದನ್ನೇ ಒಪ್ಪಬೇಕು. ಪದಕ ಯಾರಿಗೆ ಎಂಬುದರಲ್ಲಿ ಸಣ್ಣ ತಪ್ಪಾದರೆ ಆಕಾಶ ಕಳಚಿ ಬೀಳುವುದಿಲ್ಲ.

ಇನ್ನು ನಿಜವಾಗಿ ಭಾರವಾದ ಆಕ್ಷೇಪ. ಈ ಪ್ರದರ್ಶನಗಳಿಂದಲೇ ರೋಗ ಹರಡಿದರೆ? ಮಕ್ಕಳ ಪ್ರದರ್ಶನದ ಪರ ಮಾತಾಡುವವರು ಇದನ್ನು ಹಗುರವಾಗಿ ತಳ್ಳಿಹಾಕುತ್ತಾರೆ. ಬಯಲು ಗಾಳಿ, ಗಟ್ಟಿ ಮಕ್ಕಳು, ಏನೂ ಆಗದು ಎನ್ನುವ ಧಾಟಿ. ಇದು ಒಪ್ಪುವ ಮಾತಲ್ಲ. ಓಹಿಯೊದ ಒಂದು ಕೌಂಟಿ ಜಾತ್ರೆಗೆ ನಂಟಿರುವ 22 ಕೋವಿಡ್ ಪ್ರಕರಣಗಳನ್ನೂ ಒಂದು ಸಾವನ್ನೂ ಡಿವೈನ್ ಅವರೇ 2020ರ ಆಗಸ್ಟ್‌ನಲ್ಲಿ ಹೇಳಿದ್ದರು. ಅದಕ್ಕೂ ಹಿಂದಿನ ಚರಿತ್ರೆ ಇನ್ನೂ ಖಾರವಾಗಿದೆ. 2009ರ ಎಚ್1ಎನ್1 ಕಾಲದಲ್ಲಿ ಮಿನ್ನೆಸೋಟ ರಾಜ್ಯ ಜಾತ್ರೆಯಲ್ಲಿ ಒಟ್ಟಿಗೆ ತಂಗಿದ್ದ 4-ಎಚ್ ಮಕ್ಕಳಲ್ಲಿ ಜ್ವರ ಕಾಣಿಸಿಕೊಂಡು ನೂರಕ್ಕೂ ಹೆಚ್ಚು ಮಕ್ಕಳನ್ನು ಮನೆಗೆ ಕಳಿಸಬೇಕಾಯಿತು. ಅದೇ ಜಾತ್ರೆಯ ಹಂದಿಗಳಲ್ಲೂ ಆ ವೈರಸ್ ಇದ್ದದ್ದು ಆಮೇಲೆ ದೃಢಪಟ್ಟಿತು. 2012ರಲ್ಲಿ ಎಚ್3ಎನ್2 ಜ್ವರದ ಒಂದು ರೂಪಾಂತರ ಹಂದಿಯಿಂದ ಮನುಷ್ಯರಿಗೆ ದಾಟಿ ಹನ್ನೆರಡು ರಾಜ್ಯಗಳಲ್ಲಿ 309 ಜನರಿಗೆ ತಗುಲಿತು, ಒಬ್ಬರು ತೀರಿಕೊಂಡರು. ಹೆಚ್ಚಿನವರು ಮಕ್ಕಳು, ಹೆಚ್ಚಿನವರಿಗೆ ಕೃಷಿ ಜಾತ್ರೆಯ ನಂಟು. ಇಂಡಿಯಾನಾ ಮತ್ತು ಓಹಿಯೊದಲ್ಲಿ ಅತಿ ಹೆಚ್ಚು. ಹಂದಿಗಳು ನೋಡಲು ಚೆನ್ನಾಗಿಯೇ ಇರುತ್ತವೆ, ಒಳಗೆ ವೈರಸ್ ಇರುತ್ತದೆ. ಆದ್ದರಿಂದ ಮಕ್ಕಳ ಪ್ರದರ್ಶನ ತಾನಾಗಿಯೇ ಸುರಕ್ಷಿತ ಎಂಬ ವಾದಕ್ಕೆ ನೆಲೆಯಿಲ್ಲ.

ಆದರೆ ಈ ಪುರಾವೆಯನ್ನು ಗಮನವಿಟ್ಟು ಓದಿದರೆ ಅದು ಪೂರ್ತಿ ನಿಷೇಧದ ಕಡೆಗೂ ಕರೆದೊಯ್ಯುವುದಿಲ್ಲ. ಪ್ರತಿ ರೋಗವೂ ತನ್ನನ್ನು ಎಲ್ಲಿ ತಡೆಯಬೇಕೆಂದು ತಾನೇ ತೋರಿಸುತ್ತದೆ. ಕೋವಿಡ್‌ನಲ್ಲಿ ಅಪಾಯ ಹಂದಿ, ದನಗಳಿಂದ ಬಂದದ್ದಲ್ಲ. ಹಂದಿ, ಕೋಳಿಗಳಿಗೆ ಆ ವೈರಸ್ ಸುಲಭವಾಗಿ ಅಂಟುವುದಿಲ್ಲವೆಂದು 2020ರ ಪ್ರಯೋಗಗಳೇ ತೋರಿಸಿದ್ದವು. ಅಪಾಯವಿದ್ದದ್ದು ಕಣದ ಸುತ್ತ ಕೂರುವ ಜನರಲ್ಲಿ, ರಾತ್ರಿ ಕೊಟ್ಟಿಗೆಯ ಪಕ್ಕ ಹೂಡುವ ಬಿಡಾರದಲ್ಲಿ, ಮೊಮ್ಮಗಳನ್ನು ನೋಡಲು ಬರುವ ಎಪ್ಪತ್ತು ವರ್ಷದ ಅಜ್ಜನಲ್ಲಿ. ಅಲ್ಲಿ ಜನರನ್ನು ಕಡಿಮೆ ಮಾಡಬೇಕು: ಬೆಳಿಗ್ಗೆ ಬಾ, ತೂಕ ಹಾಕಿಸು, ಕಣಕ್ಕಿಳಿ, ಮಧ್ಯಾಹ್ನ ಹೊರಡು. ಹಂದಿಜ್ವರದಲ್ಲಾದರೆ ಕಡಿಮೆ ಮಾಡಬೇಕಾದದ್ದು ಹಂದಿಗಳು ಒಟ್ಟಿಗಿರುವ ಹೊತ್ತನ್ನು. ಅವು ಜಾತ್ರೆಯಲ್ಲಿ 72 ಗಂಟೆಗಿಂತ ಹೆಚ್ಚು ಇರದಿರಲಿ, ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಮುದುಕರು ಹಂದಿ ಕೊಟ್ಟಿಗೆಯಿಂದ ದೂರವಿರಲಿ ಎಂಬ ಸಲಹೆ ಇದಕ್ಕೇ ಹುಟ್ಟಿಕೊಂಡದ್ದು. 2015ರ ಹಕ್ಕಿಜ್ವರದಲ್ಲಿ ಅಯೋವಾ, ಮಿನ್ನೆಸೋಟ, ಓಹಿಯೊ ಇನ್ನೊಂದು ತುದಿಗೆ ಹೋದವು: ಒಂದು ಕೋಳಿಯೂ ಜಾತ್ರೆಗೆ ಬರಕೂಡದು. ಅದೂ ಸರಿಯೇ. ಹಕ್ಕಿ ಬರದಿದ್ದರೂ ಹಕ್ಕಿಯ ಬಗ್ಗೆ ತಿಳಿದ ಮಗು ಬರಬಹುದು, ತನಗೆ ಗೊತ್ತಿರುವುದನ್ನು ಹೇಳಿ ತೋರಿಸಬಹುದು.

ಹಣದ ತಕರಾರು ಇದಕ್ಕಿಂತ ಜಿಗುಟು. ಟಿಕೆಟ್ಟು, ತೊಟ್ಟಿಲಿನ ಬಾಡಿಗೆ, ಕರಿದ ತಿಂಡಿಯ ಮಳಿಗೆ ಇಲ್ಲದಿದ್ದರೆ ಕೊಟ್ಟಿಗೆಯ ಕರೆಂಟಿಗೂ ಕಾಸಿಲ್ಲ, ಗುಡಿಸುವವರಿಗೂ ಕೂಲಿಯಿಲ್ಲ. ಜಾತ್ರೆಯನ್ನು ಪೂರ್ತಿಯಾಗಿ ನಡೆಸಲು ಬಿಡಿ, ಇಲ್ಲವೇ ಮಕ್ಕಳದ್ದನ್ನೂ ನಿಲ್ಲಿಸಿ ಎಂದು ಸಮಿತಿಗಳು ವಾದಿಸಿದವು. ಕಷ್ಟ ನಿಜ, ತರ್ಕ ಮಾತ್ರ ಸೊಟ್ಟಗಿದೆ. ಮಕ್ಕಳ ಕಣವನ್ನು ಮುಂದಿಟ್ಟುಕೊಂಡು ತೊಟ್ಟಿಲಿಗೆ ಅನುಮತಿ ಕೇಳುವುದು ಚೌಕಾಸಿ. ಪ್ರದರ್ಶನವನ್ನು ಜಾತ್ರೆಯಿಂದ ಬಿಡಿಸಬಹುದೆಂಬುದಕ್ಕೆ ಸಾಕ್ಷಿಯೂ ಕಣ್ಣೆದುರಿಗಿದೆ. ಎರಡನೇ ಮಹಾಯುದ್ಧದ ನಂತರ ಮೊದಲ ಬಾರಿಗೆ ರದ್ದಾದ ಅಯೋವಾ ರಾಜ್ಯ ಜಾತ್ರೆ 2020ರ ಆಗಸ್ಟ್‌ನಲ್ಲಿ 4-ಎಚ್, ಎಫ್‌ಎಫ್‌ಎ ಮಕ್ಕಳಿಗಾಗಿ ಮಾತ್ರ ವಿಶೇಷ ಜಾನುವಾರು ಪ್ರದರ್ಶನ ನಡೆಸಿತು. ಹ್ಯೂಸ್ಟನ್‌ನ ಪ್ರಖ್ಯಾತ ಜಾನುವಾರು ಮೇಳವನ್ನು 2020ರ ಮಾರ್ಚ್ 11ರಂದು ಅರ್ಧಕ್ಕೇ ಮುಚ್ಚಿಸಲಾಗಿತ್ತು. 2021ರಲ್ಲಿ ಅದು ರೋಡಿಯೊ, ಸಂಗೀತ ಕಛೇರಿಗಳನ್ನೆಲ್ಲ ಕೈಬಿಟ್ಟು ಮಕ್ಕಳ ಪ್ರದರ್ಶನವನ್ನು ಸಾರ್ವಜನಿಕರಿಲ್ಲದೆ ನಡೆಸಿತು. ಒಂದು ಮಾತು ಇಲ್ಲೇ ಸೇರಿಸಬೇಕು: ಹ್ಯೂಸ್ಟನ್‌ನಂಥ ಕಡೆ ಗೆದ್ದ ಹೋರಿ ಲಕ್ಷಾಂತರ ಡಾಲರಿಗೆ ಹೋಗುತ್ತದೆ, ಸಾವಿರಾರು ಡಾಲರ್ ಕೊಟ್ಟು ತಳಿಗಾರರಿಂದ ಕರು ತರುವ ಶ್ರೀಮಂತರ ಆಟವೂ ಅಲ್ಲಿದೆ. ಅಂಥವರಿಗಾಗಿ ನಾನು ವಾದಿಸುತ್ತಿಲ್ಲ. ವಿನಾಯಿತಿ ಸಲ್ಲಬೇಕಾದದ್ದು ತನ್ನ ಕೌಂಟಿಯೊಳಗೇ ಸಾಕಿ, ಅಲ್ಲೇ ತೋರಿಸಿ, ಅಲ್ಲೇ ಮಾರುವ ಮಗುವಿಗೆ. ರಾಜ್ಯದಿಂದ ರಾಜ್ಯಕ್ಕೆ ಪದಕ ಬೇಟೆಗೆ ಹೊರಡುವ ಲಾರಿಗಳನ್ನು ಸಾಂಕ್ರಾಮಿಕದಲ್ಲಿ ಮೊದಲು ತಡೆಯಬೇಕು.

ಕೊನೆಗೆ ಕಸಾಯಿಗೆ ಹೋಗುವ ಪ್ರಾಣಿಯನ್ನು ಮಗುವಿನ ಕೈಯಲ್ಲಿ ಸಾಕಿಸುವುದೇ ಕ್ರೌರ್ಯ ಎನ್ನುವವರಿದ್ದಾರೆ. ಅದು ಗೌರವಿಸಬೇಕಾದ ನಿಲುವು, ಆದರೆ ಸಾಂಕ್ರಾಮಿಕಕ್ಕೆ ಅಂಟಿದ್ದಲ್ಲ. ಮಾಂಸ ತಿನ್ನುವ ಸಮಾಜದಲ್ಲಿ ಅದರ ಬೆಲೆ ತಿಳಿದು ಸಾಕುವ ಮಗು, ಪೊಟ್ಟಣದಲ್ಲಷ್ಟೇ ಅದನ್ನು ಕಂಡ ಮಗುವಿಗಿಂತ ಕೆಟ್ಟ ಜಾಗದಲ್ಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನಮ್ಮಲ್ಲಿ ಮಕ್ಕಳ ಜಾನುವಾರು ಪ್ರದರ್ಶನದ ಇಂಥ ಏರ್ಪಾಡಿಲ್ಲ. ದನಗಳ ಜಾತ್ರೆಗಳಿವೆ, 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಅವುಗಳಿಗೆ ತಡೆಯೂ ಬಿತ್ತು. ಅಲ್ಲಿ ರೋಗ ದನದ್ದೇ ಆದ್ದರಿಂದ ದನಗಳನ್ನು ಒಂದೆಡೆ ಸೇರಿಸದಿರುವುದು ಸರಿಯಾಗಿತ್ತು. ಎತ್ತು ಮಾರಲೇಬೇಕಾದ ರೈತನಿಗೆ ಬದಲಿ ದಾರಿ ಏನು ಎಂಬ ಪ್ರಶ್ನೆ ಮಾತ್ರ ಇಲ್ಲೂ ಅದೇ. ಅಮೆರಿಕದಲ್ಲಿ ಆ ಪ್ರಶ್ನೆ ಬೇಗ ಮರಳಿ ಬಂತು. 2024ರಲ್ಲಿ ಎಚ್5ಎನ್1 ಹಕ್ಕಿಜ್ವರ ಹಾಲಿನ ಹಸುಗಳಿಗೆ ಹಬ್ಬಿದಾಗ ಮಿನ್ನೆಸೋಟ ಹಾಲು ಕೊಡುವ ಹಸುಗಳು ಪ್ರದರ್ಶನಕ್ಕೆ ಬರುವ ಮುಂಚಿನ ಏಳು ದಿನಗಳೊಳಗೆ ಪರೀಕ್ಷೆಯಾಗಿರಬೇಕೆಂದಿತು. ಮಿಷಿಗನ್ ಹಾಲು ಕೊಡುವ ಹಸುಗಳನ್ನೂ ತುಂಬು ಗಬ್ಬದವನ್ನೂ ಕಣದಿಂದ ಹೊರಗಿಟ್ಟಿತು, ಉಳಿದ ದನಗಳಿಗೆ ಆ ನಿಷೇಧ ಹಾಕಲಿಲ್ಲ. ಎರಡೂ ರಾಜ್ಯಗಳು ರೋಗ ಇರುವ ಭಾಗಕ್ಕಷ್ಟೇ ಕೈಹಾಕಿದವು. ಜಾತ್ರೆ ಸಮಿತಿಗಳು ಮುಂದಿನ ಸೋಂಕಿಗೆ ಕಾಯದೆ, ಮಕ್ಕಳ ಕಣವನ್ನು ಒಂದೇ ದಿನದಲ್ಲಿ ಜನರಿಲ್ಲದೆ ನಡೆಸುವ ಯೋಜನೆಯನ್ನೂ ಅದಕ್ಕೆ ಬೇಕಾದ ಹಣವನ್ನೂ ಈಗಲೇ ಬೇರೆ ತೆಗೆದಿಡಲಿ.