ಸೋಲುವ ತಂಡದ ಅಭಿಮಾನಿ

ಅಣ್ಣಿಗೇರಿಯ ಎರೆನೆಲ ಕಾಲ್ಚೆಂಡಾಟಕ್ಕೆ ಒಲಿದುದಲ್ಲ. ಮಳೆಗಾಲದಲ್ಲಿ ಅದು ಕಾಲನ್ನು ಬಿಡದು. ಬೇಸಗೆಯಲ್ಲಿ ಕಾಲೇ ಹೂಳುವಷ್ಟು ಬಿರಿಯುವುದು. ನಮ್ಮವರ ಒಲವೆಲ್ಲ ಕುಸ್ತಿ, ಕಬಡ್ಡಿಗಳ ಮೇಲೆ. ಇಂಥ ಊರಿನಲ್ಲಿದ್ದು ನಾನು ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಎಂಬ ತಂಡಕ್ಕೆ ಮನಸೋತೆನೆಂದರೆ ನೆರೆಯವರು ನಗುವುದು ಸಹಜವೇ.

ಈ ತಂಡ 2023-24ರಲ್ಲಿ, ದೇಶದ ಮೂರನೆಯ ದರ್ಜೆಯಾದ ಐ-ಲೀಗ್ 2ರಲ್ಲಿ ಮೊದಲಿಗನಾಗಿ ಮೇಲೇರಿತು. ಅಂದು ಓಣಿಯ ಹುಡುಗರಿಗೆಲ್ಲ ಪೇಢೆ ಹಂಚಿದೆ. ಮರುವರ್ಷ 12 ತಂಡಗಳ ನಡುವೆ ನೆಲಕಚ್ಚಿ, ಏರಿದ ಮೆಟ್ಟಿಲನ್ನೇ ಇಳಿಯಿತು. ಪಂದ್ಯದ ದಿನ ಮೊಬೈಲು ಹಿಡಿದು ಕಟ್ಟೆಯ ಮೇಲೆ ಕುಳಿತವನನ್ನು ಅಣ್ಣನ ಮಗ ಕೇಳಿದ: “ಕಾಕಾ, ಸೋಲೂದನ್ನ ನೋಡಾಕ ಇಷ್ಟ್ಯಾಕ ತ್ರಾಸ ತಗೋತೀರಿ?”

ಉತ್ತರ ಹೊಳೆಯಲಿಲ್ಲ. ಆದರೆ ಮಳೆ ಕೈಕೊಟ್ಟ ಮರುವರ್ಷವೂ ಅವನಪ್ಪ ಹಿಂಗಾರಿಗೆ ಕಡಲೆ ಬಿತ್ತಿದ್ದನ್ನು ನಾನು ಬಲ್ಲೆ.

ಕಾಯುವುದು ನಮ್ಮ ನಾಡಿನ ಕಾಲ್ಚೆಂಡಿಗೆ ಹೊಸತಲ್ಲ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕನೆಯ ಬಾರಿ ಗೆದ್ದುದು 1968-69ರಲ್ಲಿ. ಐದನೆಯದು ಕರ್ನಾಟಕದ ಕೈಸೇರಿದ್ದು 2023ರ ಮಾರ್ಚ್ 4ರಂದು, ದೂರದ ರಿಯಾದಿನಲ್ಲಿ, ಮೇಘಾಲಯವನ್ನು 3-2ರಿಂದ ಮಣಿಸಿದಾಗ. ನಡುವಣ 54 ವರ್ಷ ತಂಡದ ಬೆನ್ನಿಗೆ ನಿಂತವರ ಲೆಕ್ಕವನ್ನು ಪತ್ರಿಕೆಗಳು ಇಟ್ಟಿಲ್ಲ. ನಾವೂ ಇಟ್ಟಿಲ್ಲವೆಂದು ಒಪ್ಪಿಕೊಳ್ಳಬೇಕು.

ನನ್ನ ಬೇಡಿಕೆ ಚಿಕ್ಕದು. ನವಲಗುಂದ, ಕುಂದಗೋಳ, ಅಣ್ಣಿಗೇರಿಗಳಲ್ಲಿ ತಾಲೂಕಿಗೊಂದು ಕೆಮ್ಮಣ್ಣು ಹಾಸಿದ ಬಯಲು ಬೇಕು. ಕಲಘಟಗಿಯ ಕಡೆ ಕೆಮ್ಮಣ್ಣಿಗೆ ಬರವಿಲ್ಲ.