ನಂಬರ್ ಕೊಡಲೇಬೇಕಾ ಸರ್?

ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತುತ್ತಿದ್ದಾಗ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರ್. 'ಸರ್, ನಿಮಗೆ ಐದು ಲಕ್ಷದ ಪರ್ಸನಲ್ ಲೋನ್ ಅಪ್ರೂವ್ ಆಗಿದೆ.' ಆಗ ನನ್ನ ಜೇಬಿನಲ್ಲಿದ್ದದ್ದು ಎಪ್ಪತ್ತು ರೂಪಾಯಿ ಮತ್ತು ಮೆಟ್ರೊ ಕಾರ್ಡ್. 'ನಾನಿನ್ನೂ ಸ್ಟೂಡೆಂಟು' ಎಂದೆ. 'ಹಾಗಾದ್ರೆ ಎಜುಕೇಷನ್ ಲೋನ್ ನೋಡೋಣ್ವಾ ಸರ್?' ಕಟ್ ಮಾಡಿದೆ. ಇಂದಿರಾನಗರ ದಾಟುವಷ್ಟರಲ್ಲಿ ಇನ್ನೊಂದು ಕರೆ. ಈ ಸಲ ಹೊಸಕೋಟೆ ಹತ್ತಿರ ಸೈಟು. ಹಲಸೂರು ಬರುವಾಗ ಮೂರನೆಯದು. ಕೇಳುವ ತಾಳ್ಮೆ ಉಳಿದಿರಲಿಲ್ಲ, ಎತ್ತದೇ ಕಟ್ ಮಾಡಿದೆ. ಅದೇ ನಂಬರಿನಿಂದ ಮತ್ತೆ ಬಂತು, ಮತ್ತೆ ಕಟ್ ಮಾಡಿದೆ.

ಸಂಜೆ ಮೇಲ್ ತೆರೆದಾಗ ಎದೆ ಧಸಕ್ಕೆಂದಿತು. ಎರಡು ತಿಂಗಳಿಂದ ಕಾಯುತ್ತಿದ್ದ ಇಂಟರ್ನ್‌ಶಿಪ್‌ನ ಫೋನ್ ಸಂದರ್ಶನಕ್ಕೆ ಎರಡು ಬಾರಿ ಕರೆ ಮಾಡಿದ್ದರಂತೆ, ಅಭ್ಯರ್ಥಿ ಸಿಗಲಿಲ್ಲವಂತೆ. ಕ್ಷಮೆ ಕೇಳಿ ಉತ್ತರ ಬರೆದೆ. ಅಷ್ಟರಲ್ಲಿ ಆ ಜಾಗ ಬೇರೆಯವರ ಪಾಲಾಗಿತ್ತು.

'ಗೊತ್ತಿಲ್ಲದ ನಂಬರ್ ಎತ್ತಬೇಡ' ಎಂಬ ಹಿರಿಯರ ಬುದ್ಧಿಮಾತು ಅಪ್ಪನಿಗೆ ಸರಿಹೋಗಬಹುದು. ಅವರಿಗೆ ಬೇಕಾದವರ ನಂಬರೆಲ್ಲ ಅವರ ಫೋನಿನಲ್ಲೇ ಇದೆ. ಕೆಲಸ ಹುಡುಕುವ ನಮ್ಮ ಕಥೆ ಬೇರೆ. ಸಂದರ್ಶನಕ್ಕೆ ಕರೆಯುವ ಎಚ್‌ಆರ್, ಪ್ರಾಜೆಕ್ಟ್‌ಗೆ ಒಪ್ಪಿಕೊಂಡ ಕಂಪನಿಯವರು ಎಲ್ಲರೂ ಮೊದಲ ಸಲ ಬರುವುದು ಗೊತ್ತಿಲ್ಲದ ನಂಬರಿನಿಂದಲೇ. ಶಾಲೆಯಲ್ಲಿ ಓದಿದ 'ತೋಳ ಬಂತು ತೋಳ' ಕಥೆಯಲ್ಲಿ ಸುಳ್ಳು ಕೂಗಿದ ಹುಡುಗನಿಗೇ ಕೊನೆಗೆ ನಷ್ಟವಾಗುತ್ತದೆ. ಇಲ್ಲಿ ದಿನವಿಡೀ ಕೂಗುವವರು ಯಾರೋ, ಕುರಿ ಕಳೆದುಕೊಳ್ಳುವವರು ನಾವು.

ಅಂದು ರಾತ್ರಿ ನೋಟ್‌ಬುಕ್ ತೆಗೆದು, ನನ್ನ ನಂಬರನ್ನು ಎಲ್ಲೆಲ್ಲಿ ಕೊಟ್ಟಿದ್ದೇನೆಂದು ಬರೆಯುತ್ತಾ ಹೋದೆ. ಪಿಯುಸಿಯಲ್ಲಿದ್ದಾಗ ಹೋದ ಉಚಿತ ಸೆಮಿನಾರ್. ಮಾಲ್ ಬಾಗಿಲಲ್ಲಿ ತುಂಬಿ ಡಬ್ಬಕ್ಕೆ ಹಾಕಿದ ಲಕ್ಕಿ ಡ್ರಾ ಚೀಟಿ. ಒಂದೇ ದಿನ ಹೋಗಿ ಬಿಟ್ಟ ಜಿಮ್. ಪ್ರಮಾಣಪತ್ರದ ಆಸೆಗೆ ಸೇರಿದ ಆನ್‌ಲೈನ್ ಕೋಡಿಂಗ್ ತರಗತಿ. ನಾಲ್ಕು ಉದ್ಯೋಗ ಜಾಲತಾಣಗಳು. ಇನ್ನು ಅಮ್ಮ ಸೀರೆ ಅಂಗಡಿಯಿಂದ ಹಿಡಿದು ಮಿಕ್ಸಿ ರಿಪೇರಿಯವರೆಗೆ ಎಲ್ಲ ಕಡೆ ಕೊಡುವುದು ನನ್ನ ನಂಬರೇ. ಪಟ್ಟಿ ಇಪ್ಪತ್ತಮೂರಕ್ಕೆ ಬಂದು ನಿಂತಿತು. ನೆನಪಿಗೆ ಬಾರದವು ಎಷ್ಟೋ! ಒಂದು ವಿಷಯ ಮಾತ್ರ ಸ್ಪಷ್ಟವಾಯಿತು. ಇಪ್ಪತ್ತಮೂರು ಕಡೆಯೂ ನನ್ನ ನಂಬರನ್ನು ಯಾರೂ ಕದ್ದಿರಲಿಲ್ಲ. ಕೊಟ್ಟವರು ನಾವೇ.

ಹಾಗಂತ ತಪ್ಪೆಲ್ಲ ನಮ್ಮದೇ ಎಂದು ಸುಮ್ಮನಾಗಬೇಕಿಲ್ಲ. ಟ್ರಾಯ್ ಎಂದು ಕರೆಯುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮಗಳು ನಮ್ಮ ಪರವಾಗಿಯೇ ಇವೆ. ಇಂಗ್ಲಿಷ್ ಅಕ್ಷರಗಳಲ್ಲಿ 'ಸ್ಟಾರ್ಟ್' ಎಂದು ಬರೆದು, ಜಾಗ ಬಿಟ್ಟು 0 ಹಾಕಿ 1909ಕ್ಕೆ ಎಸ್‌ಎಂಎಸ್ ಕಳಿಸಿದರೆ ಪ್ರಚಾರದ ಕರೆ, ಸಂದೇಶಗಳು ಬೇಡವೆಂದು ದಾಖಲಾಗುತ್ತದೆ. ಇದೇ ಡಿಎನ್‌ಡಿ. 'ಅಯ್ಯೋ, ಅದನ್ನ ಹಾಕಿ ವರ್ಷವಾಯ್ತು, ಕರೆ ಬರ್ತಾನೇ ಇದೆ' ಎಂದು ನೀವು ನಗಬಹುದು. ನಾನೂ ಹಾಗೇ ನಕ್ಕವನೇ.

ಅದು ಕೆಲಸ ಮಾಡದಂತೆ ಕಾಣಲು ಎರಡು ಕಾರಣಗಳಿವೆ. ಮೊದಲನೆಯದು, ನಾವು ಓದದೆ ಟಿಕ್ ಮಾಡುವ ಸಣ್ಣ ಚೌಕ. 'ನನ್ನನ್ನು ಸಂಪರ್ಕಿಸಲು ಒಪ್ಪಿಗೆ ಇದೆ' ಎಂದು ನಾವೇ ಹೇಳಿದ ಮೇಲೆ ಆ ಕಂಪನಿಯ ಕರೆಗೆ ಡಿಎನ್‌ಡಿ ಅಡ್ಡಬರುವುದಿಲ್ಲ. ಎರಡನೆಯದು, ನೋಂದಾಯಿತ ಟೆಲಿಮಾರ್ಕೆಟಿಂಗ್‌ನವರು ಪ್ರಚಾರಕ್ಕೆ ಬಳಸಬೇಕಾದದ್ದು 140ರಿಂದ ಶುರುವಾಗುವ ನಂಬರ್. ನಮ್ಮ ನಿಮ್ಮಂತೆ ಸಾದಾ ಹತ್ತಂಕಿಯ ಮೊಬೈಲ್‌ನಿಂದ ಸಾಲ, ಸೈಟು ಮಾರುವವರು ನೋಂದಣಿಯ ಗೊಡವೆಗೇ ಹೋಗಿರುವುದಿಲ್ಲ. ಅಂಥವರು ನಮ್ಮ ಡಿಎನ್‌ಡಿಯನ್ನು ನೋಡುತ್ತಾರೆಯೇ? ಇವರಿಗೆ ಮದ್ದು ದೂರು ಮಾತ್ರ.

ನಾವು ಮಾಡದೇ ಇರುವುದೂ ಅದನ್ನೇ. ಬೈದು, ಬ್ಲಾಕ್ ಮಾಡಿ ಮುಂದೆ ಹೋಗುತ್ತೇವೆ. ಬ್ಲಾಕ್ ಮಾಡಿದರೆ ನಮಗೊಬ್ಬರಿಗೆ ನೆಮ್ಮದಿ, ಆ ನಂಬರ್ ಪಕ್ಕದವನಿಗೆ ಹೋಗುತ್ತದೆ. 2025ರ ಫೆಬ್ರುವರಿಯಲ್ಲಿ ಟ್ರಾಯ್ ನಿಯಮಗಳಿಗೆ ತಿದ್ದುಪಡಿಯಾಗಿದೆ. ದೂರು ಕೊಡಲು ಮೊದಲು ಮೂರು ದಿನ ಇತ್ತು, ಈಗ ಏಳು ದಿನ. ನೋಂದಣಿಯಿಲ್ಲದೆ ಕರೆ ಮಾಡುವವರ ವಿರುದ್ಧ ದೂರು ಕೊಡಲು ನೀವು ಡಿಎನ್‌ಡಿ ಹಾಕಿರಲೇಬೇಕು ಎಂದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಹಿಂದೆ ಏಳು ದಿನಗಳಲ್ಲಿ ಹತ್ತು ದೂರು ಬಂದರೆ ಕ್ರಮ ಎಂದಿದ್ದದ್ದು ಈಗ ಹತ್ತು ದಿನಗಳಲ್ಲಿ ಐದು ದೂರಿಗೆ ಇಳಿದಿದೆ. ಐದು ಅಂದರೆ ನಮ್ಮ ಕ್ಯಾಂಟೀನಿನ ಒಂದು ಮೇಜು! ಒಂದೇ ಕೋಚಿಂಗ್ ಸೆಂಟರಿನ ಕರೆ ನಮ್ಮ ತರಗತಿಯ ಅರ್ಧದಷ್ಟು ಮಂದಿಗೆ ಒಂದೇ ವಾರದಲ್ಲಿ ಬಂದದ್ದುಂಟು. ಐದು ಜನ ಎರಡೆರಡು ನಿಮಿಷ ಖರ್ಚು ಮಾಡಿ 1909ಕ್ಕೋ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲೋ ದೂರು ದಾಖಲಿಸಿದ್ದರೆ ಸಾಕಿತ್ತು. ನಾವು ಅದರ ಬಗ್ಗೆ ಮೀಮ್ ಮಾಡಿ ನಕ್ಕೆವು.

ಕರೆ ಮಾಡುವವರೂ ನಮ್ಮಂಥವರೇ ಅಲ್ಲವೇ ಎಂಬ ಪ್ರಶ್ನೆ ನನ್ನನ್ನೂ ಕಾಡಿದೆ. ಗೆಳೆಯನ ಅಕ್ಕ ಬಿಕಾಂ ಮುಗಿಸಿ ಕೆ.ಆರ್. ಪುರದ ಕಡೆ ಟೆಲಿಕಾಲಿಂಗ್ ಕೆಲಸಕ್ಕೆ ಸೇರಿದ್ದರು. 'ಬೆಳಿಗ್ಗೆ ಒಂದು ಎಕ್ಸೆಲ್ ಶೀಟ್ ಕೊಡ್ತಾರೆ. ಎಲ್ಲಿಂದ ಬಂತು ಅಂತ ಕೇಳೋ ಹಾಗಿಲ್ಲ. ಸಂಜೆಯೊಳಗೆ ಮುಗಿಸಬೇಕು. ಮುಕ್ಕಾಲು ಜನ ಬೈದೇ ಇಡ್ತಾರೆ ಕಣೋ' ಎಂದಿದ್ದರು. ಅಂದಿನಿಂದ ಕರೆ ಮಾಡಿದವರ ಮೇಲೆ ರೇಗುವುದನ್ನು ಬಿಟ್ಟಿದ್ದೇನೆ. ಆ ಅಕ್ಕನನ್ನು ಬೈದರೆ ಪಟ್ಟಿ ಮಾರಿದವನಿಗೆ ಏನೂ ತಟ್ಟುವುದಿಲ್ಲ. ದೂರು ಕೊಟ್ಟರೆ ತಟ್ಟುವುದು ಆಕೆಯನ್ನು ಹಾಗೆ ದುಡಿಸಿಕೊಳ್ಳುವ ಸಂಸ್ಥೆಗೆ.

'ಎರಡು ಸೆಕೆಂಡಿನ ಕಿರಿಕಿರಿಗೆ ಇಷ್ಟೆಲ್ಲ ಯಾಕೆ' ಎನ್ನುವವರೂ ಇದ್ದಾರೆ. ಆದರೆ ಒಮ್ಮೆ ಹೊರಬಿದ್ದ ಪಟ್ಟಿ ಸಾಲ ಮಾರುವವರ ಹತ್ತಿರವೇ ಉಳಿಯುತ್ತದೆ ಎನ್ನಲು ಯಾವ ಖಾತ್ರಿಯಿದೆ? ನೀವು ಕೆಲಸ ಹುಡುಕುತ್ತಿದ್ದೀರಿ ಎಂದು ಗೊತ್ತಿರುವವನೇ 'ಆಫರ್ ಲೆಟರ್ ರೆಡಿ, ನೋಂದಣಿ ಶುಲ್ಕ ಕಟ್ಟಿ' ಎಂದೂ ಹೇಳಬಲ್ಲ. ಹಾಗೆ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಆದರೂ ಅದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬಾಗಿಲು ಹಾಕಬೇಕಾದದ್ದು ಮೊದಲೇ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆಧಾರ್ ವಿಚಾರವಾಗಿ 2012ರಲ್ಲಿ ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅವರು ಕೋರ್ಟಿನವರೆಗೆ ಹೋದರು, ಇಪ್ಪತ್ತರ ನಮಗೆ ಒಂದು ಎಸ್‌ಎಂಎಸ್ ಕಳಿಸಲೂ ಸೋಮಾರಿತನ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಯಾವ ಉದ್ದೇಶಕ್ಕೆ ಮಾಹಿತಿ ಪಡೆದರೋ ಅದಕ್ಕಷ್ಟೇ ಬಳಸಬೇಕು, ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ವಾಪಸ್ ಪಡೆಯುವಂತಿರಬೇಕು ಎನ್ನುತ್ತದೆ ಅದು. ಆದರೆ ಕೇಳುವವರೇ ಇಲ್ಲದಿದ್ದರೆ ಕಾಯ್ದೆ ಪುಸ್ತಕದಲ್ಲೇ ಉಳಿಯುತ್ತದೆ.

ನಾನೀಗ ಮಾಡುತ್ತಿರುವುದು ದೊಡ್ಡದೇನಲ್ಲ. ಜಾಲತಾಣಗಳಲ್ಲಿ ಎಲ್ಲರಿಗೂ ಕಾಣುವ ರೆಸ್ಯೂಮೆಯಿಂದ ನಂಬರ್ ತೆಗೆದು ಇ–ಮೇಲ್ ಮಾತ್ರ ಉಳಿಸಿದ್ದೇನೆ. ನೇರವಾಗಿ ಅರ್ಜಿ ಹಾಕಿದ ಕಂಪನಿಗೆ ಮಾತ್ರ ನಂಬರ್. ಟಿಕ್ ಮಾಡುವ ಮುನ್ನ ಓದುತ್ತೇನೆ. ವಾರಕ್ಕೊಮ್ಮೆ ಕೂತು, ಬಂದ ಅನಪೇಕ್ಷಿತ ಕರೆಗಳ ಮೇಲೆ ದೂರು ಹಾಕುತ್ತೇನೆ. ಕಾಲೇಜುಗಳಿಗೂ ಒಂದು ಮನವಿ. ಉದ್ಯೋಗ ಮೇಳಕ್ಕೆ ಹೆಸರು ಕೊಟ್ಟವರ ಪಟ್ಟಿಯನ್ನು ಮೊಬೈಲ್ ನಂಬರ್ ಸಮೇತ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ.

ಅಂಗಡಿಯವರು ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕೆಂದು ಹಟ ಹಿಡಿಯುವಂತಿಲ್ಲ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ಮೊನ್ನೆ ಅಮ್ಮನ ಜೊತೆ ಇಂದಿರಾನಗರದಲ್ಲಿ ಚಪ್ಪಲಿ ಕೊಳ್ಳಲು ಹೋದಾಗ ಅದನ್ನು ಪರೀಕ್ಷಿಸಿ ನೋಡಿದೆ. 'ಮೊಬೈಲ್ ನಂಬರ್ ಹೇಳಿ ಸರ್' ಎಂದ ಕೌಂಟರಿನ ಹುಡುಗ. 'ಕೊಡಲೇಬೇಕಾ ಸರ್?' ಎಂದೆ. ಒಂದು ಕ್ಷಣ ನನ್ನ ಮುಖ ನೋಡಿದ. 'ಬೇಡ ಅಂದ್ರೆ ಬೇಡ ಸರ್' ಎಂದು ಹತ್ತು ಸಲ ಒಂಬತ್ತು ಒತ್ತಿ ಬಿಲ್ ಕೊಟ್ಟ. ಇಷ್ಟು ಸುಲಭವಿತ್ತು ಎಂದು ಇಷ್ಟು ವರ್ಷ ಗೊತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಅಮ್ಮ ಗೊಣಗಿದರು. 'ನಂಬರ್ ಕೊಟ್ಟಿದ್ರೆ ಏನೋ ಆಗ್ತಿತ್ತು? ಆಫರ್ ಬಂದ್ರೆ ಫೋನ್ ಮಾಡ್ತಿದ್ರು!'

'ಅದಕ್ಕೇ ಕೊಡಲಿಲ್ಲಮ್ಮ' ಎಂದೆ.